ಒಗೆಯದ ಸೀರೆಗಳು

ಮೊನ್ನೆ ಸಂಜೆ ಹೊಸಹಳ್ಳಿ ಸ್ಟೇಷನ್ನಿನಲ್ಲಿ ಮೆಟ್ರೋ ಬಾಗಿಲು ತೆರೆದಾಗ ಒಬ್ಬ ಹೆಂಗಸು ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಮುಂದೆಯೇ ನಿಂತರು. ಹಿಡಿಕೆಗೆಂದು ಕೈ ಎತ್ತಿದರು. ಸೆರಗಿನಿಂದ ಒಂದು ವಾಸನೆ ಬಂತು. ಹೊಲಿಗೆ ಮಷೀನಿನ ಎಣ್ಣೆ, ಗಂಜಿ ಬಿಡದ ಹೊಸ ಬಟ್ಟೆಯ ನವಿರು ಧೂಳು, ಇಡೀ ದಿನದ ಬೆವರು, ಬೆಳಿಗ್ಗೆ ಹಚ್ಚಿದ ಕೊಬ್ಬರಿ ಎಣ್ಣೆ, ಎಲ್ಲ ಸೇರಿ ಒಂದೇ ಆದ ವಾಸನೆ. ಪಕ್ಕದಲ್ಲಿದ್ದವರು ಮುಖ ತಿರುಗಿಸಿಕೊಂಡರು. ನಾನು ಮಾತ್ರ, ಹೇಳಿದರೆ ನಗುತ್ತೀರಿ, ಒಂದು ಹೆಜ್ಜೆ ಮುಂದೆ ಸರಿದೆ. ಕಣ್ಣು ತಾನಾಗಿ ಮುಚ್ಚಿತು. ನಿಂತಲ್ಲೇ ನಿದ್ದೆ ಬಂದಂತಾಯಿತು. ಆ ನಿದ್ದೆ ನನ್ನ ಇವತ್ತಿನ ವಯಸ್ಸಿನದಲ್ಲ, ಕೈಕಾಲು ಮಡಚಿಕೊಂಡು ಬಟ್ಟೆಯೊಳಗೆ ತೂಗುವ ವಯಸ್ಸಿನದು. ಮೈಸೂರು ರಸ್ತೆಯಲ್ಲಿ ಆಕೆ ಇಳಿದು ಹೋದರು. ಕೆಂಗೇರಿ ತಲುಪುವವರೆಗೂ ನಾನು ನನ್ನ ದುಪಟ್ಟಾದ ತುದಿಯನ್ನು ಮೂಗಿನ ಹತ್ತಿರ ಹಿಡಿದುಕೊಂಡಿದ್ದೆ. ಅದರಲ್ಲಿ ಏನೂ ಇರಲಿಲ್ಲ.

ಅವತ್ತು ರಾಜಾಜಿನಗರದಲ್ಲಿ ಪಾಠ ಮುಗಿಸಿ ಬರುತ್ತಿದ್ದೆ. ಪ್ಲೇ ಹೋಮ್, ಡೇ ಕೇರ್ ಎಂಬ ಹೆಸರಿನ ಶಿಶುಪಾಲನಾ ಕೇಂದ್ರಗಳಲ್ಲಿ ಕೆಲಸಕ್ಕೆ ಸೇರಬೇಕೆನ್ನುವ ಹುಡುಗಿಯರಿಗೆ ಡಿಪ್ಲೊಮಾ ಪಾಠ ಹೇಳುವುದು ನನ್ನ ಉದ್ಯೋಗ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡವಳು. ಅವತ್ತಿನ ಪಾಠ, ಮಕ್ಕಳನ್ನು ನೋಡಿಕೊಳ್ಳುವವರಲ್ಲಿ ಇರಬೇಕಾದ ಗುಣಗಳು. ಪ್ರತಿ ವರ್ಷದಂತೆ ಬೋರ್ಡಿನ ಮೇಲೆ ತಾಳ್ಮೆ ಎಂದು ಬರೆದೆ, ಅದರ ಕೆಳಗೆ ಎಚ್ಚರ ಎಂದು ಬರೆದೆ, ಇನ್ನೂ ಬರೆಯುತ್ತಿದ್ದೆ. ಚೈತ್ರ ಎಂಬ ಹುಡುಗಿ ಕೈ ಎತ್ತಿದಳು. “ಮೇಡಂ, ಇವೆಲ್ಲಾ ಮೊದಲೇ ಇರೋರು ಕೋರ್ಸಿಗೆ ಯಾಕೆ ಬರ್ತಾರೆ? ಇಲ್ಲದೇ ಇರೋರಿಗೆ ಕೋರ್ಸಿಂದ ಹೇಗೆ ಬರುತ್ತೆ?” ಎಂದಳು. ಹಿಂದಿನಿಂದ ಯಾರೋ, “ಸರ್ಟಿಫಿಕೇಟ್ ಬರುತ್ತೆ ಬಿಡೇ,” ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು, ನಾನೂ ನಕ್ಕೆ. ನಗು ಮುಗಿದ ಮೇಲೆ ಉತ್ತರ ಹೇಳಬೇಕಾಗಿತ್ತು. ಗಡಿಯಾರ ನೋಡಿದೆ, ನಾಳೆ ಮಾತಾಡೋಣ ಎಂದೆ. ರೈಲಿನಲ್ಲಿ ಆ ವಾಸನೆ ಬಂದಾಗ ಮನಸ್ಸು ಹೋದದ್ದು ದೊಡ್ಡಮ್ಮನ ಮನೆಗೆ. ರಾತ್ರಿ ಡೈರಿ ತೆಗೆದು ಬರೆಯಲು ಕೂತೆ. ಬರೆಯುತ್ತಾ ಹೋದ ಹಾಗೆ, ಇದರಲ್ಲಿ ನಡೆದದ್ದೆಷ್ಟು, ನನಗೆ ಬೇಕಾಗಿ ಸೇರಿಸಿಕೊಂಡದ್ದೆಷ್ಟು ಎಂಬ ಅನುಮಾನ ಜೊತೆಗೇ ಬೆಳೆಯಿತು. ಆ ಅನುಮಾನವನ್ನು ಬಿಟ್ಟು ಬರೆಯಲು ನನಗೆ ಬರುವುದಿಲ್ಲ. ಓದುವವರು ಸಹಿಸಿಕೊಳ್ಳಬೇಕು.

ಸಾವಿತ್ರಮ್ಮ ನನ್ನ ಅಮ್ಮನ ಅಕ್ಕ. ಅವರನ್ನು ಮದುವೆ ಮಾಡಿ ಕೊಟ್ಟಿದ್ದು ಹೊಸಹಳ್ಳಿಯ ಹಳೆಯ ಒಕ್ಕಲು ಮನೆಗೆ. ಸುತ್ತ ಹೊಲವಿದ್ದ ಕಾಲದ ಮನೆ. ನನಗೆ ಬುದ್ಧಿ ಬರುವ ಹೊತ್ತಿಗೆ ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಮನೆಯಾಗಿ, ನಡುವೆ ಆ ಹೆಂಚಿನ ಮನೆಯೊಂದು ಕುಳ್ಳಗೆ ಉಳಿದುಕೊಂಡಿತ್ತು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದರೆ ಉದ್ದನೆಯ ಪಡಸಾಲೆ. ಮೇಲೆ ಹೊಗೆ ಹಿಡಿದು ಕಪ್ಪಾದ ತೊಲೆಗಳು. ರಾಗಿ ಮೂಟೆ ಒಟ್ಟುತ್ತಿದ್ದ ಆ ಪಡಸಾಲೆಯಲ್ಲಿ ದೊಡ್ಡಮ್ಮ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಹೆಚ್ಚಿನವರು ಗಾರ್ಮೆಂಟ್ಸಿಗೆ ಹೋಗುವವರು. ನನ್ನ ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು, ನಾನೂ ಕೂಸಾಗಿದ್ದಾಗಿನಿಂದ ಅಲ್ಲೇ ಬೆಳೆದೆ. ಸ್ಕೂಲಿಗೆ ಸೇರಿದ ಮೇಲೂ ಬಿಟ್ಟ ಕೂಡಲೇ ಅಲ್ಲಿಗೇ ಓಡುತ್ತಿದ್ದೆ. ದೊಡ್ಡಪ್ಪ ಬಿನ್ನಿಪೇಟೆಯ ಕಡೆ ಗಿರಣಿಯಲ್ಲಿದ್ದು ಕೆಲಸ ಬಿಟ್ಟು ಬಂದವರು, ಸದಾ ಜಗುಲಿಯ ಮೇಲೆ ರೇಡಿಯೊ ಬಿಚ್ಚಿಕೊಂಡು ಕೂತಿರುತ್ತಿದ್ದರು. ರೇಡಿಯೊ ಹಾಡಿದ್ದು ನನಗೆ ನೆನಪಿಲ್ಲ. ಅವರು ಆ ಮನೆಗೆ ಮಾಡಿದ ಒಂದು ಉಪಕಾರವೆಂದರೆ ಪ್ರತಿ ತೊಲೆಗೂ ಕಬ್ಬಿಣದ ಕೊಂಡಿ ಹಾಕಿಸಿದ್ದು. ಆ ಕೊಂಡಿಗಳಿಂದ ಇಳಿಬಿದ್ದ ಸೀರೆಯ ಜೋಲಿಗಳು, ಒಂದೊಂದರಲ್ಲೂ ಒಂದೊಂದು ಕೂಸು.

ದೊಡ್ಡಮ್ಮನದೊಂದು ಕಟ್ಟುನಿಟ್ಟು ಇತ್ತು. ಮಗುವನ್ನು ಬಿಡಲು ಬರುವ ತಾಯಿ ತಾನು ಉಟ್ಟು ಬಿಟ್ಟ ಸೀರೆಯೊಂದನ್ನು ತಂದುಕೊಡಬೇಕು. ಒಗೆದಿರಬಾರದು. ಆ ಸೀರೆಯಲ್ಲೇ ಆ ಮಗುವಿನ ಜೋಲಿ. ವಾಸನೆ ಹೋಯಿತು ಎನ್ನಿಸಿದಾಗ ಅದನ್ನು ವಾಪಸು ಕೊಟ್ಟು ಇನ್ನೊಂದು ತರಲು ಹೇಳುತ್ತಿದ್ದರು. ಹೊಸದಾಗಿ ಬಂದವರಿಗೆ ಇದು ಅವಮಾನವೆನ್ನಿಸುತ್ತಿತ್ತು. ರತ್ನ ಎಂಬಾಕೆ ಮೊದಲ ದಿನ ಬಂದಾಗ ಮಡಿಕೆ ಮುರಿಯದ, ಇಸ್ತ್ರಿ ಮಾಡಿದ ಸೀರೆ ತಂದಿದ್ದರು. ಸೊಂಟದಲ್ಲಿ ಗಂಡುಕೂಸು, ಹೆಸರು ಕಿಟ್ಟಿ.

“ಇದು ಬ್ಯಾಡ ಕಣಮ್ಮ. ನಿನ್ನೆ ಉಟ್ಟಿದ್ಯಲ್ಲ, ಅದು ತಗೊಂಬಾ.”

“ಅಯ್ಯೋ ಅದು ಒಗೆಯಕ್ಕೆ ಹಾಕಿದೀನಿ ಆಂಟಿ. ಗಬ್ಬು ನಾರ್ತದೆ.”

“ಯಾರಿಗೆ ನಾರ್ತದೆ? ನಿಂಗಾ, ಅವನಿಗಾ?”

ಜಗುಲಿಯಿಂದ ದೊಡ್ಡಪ್ಪ, “ತಂದುಕೊಟ್ಟುಬಿಡವ್ವ. ನಮ್ಮನೇಲಿ ಗಬ್ಬಿಗೇ ಮರ್ಯಾದೆ. ಅದಕ್ಕೇ ನನ್ನ ಇಟ್ಕೊಂಡಿರೋದು,” ಎಂದರು. ರತ್ನ ನಕ್ಕುಬಿಟ್ಟರು. ಮಾರನೆಯ ದಿನ ಹಳೆಯ ಪಾಲಿಯೆಸ್ಟರ್ ಸೀರೆಯೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಯಾರಾದರೂ ನೋಡಿಯಾರೆಂಬಂತೆ ದೊಡ್ಡಮ್ಮನ ಕೈಗಿಟ್ಟರು. ದೊಡ್ಡಮ್ಮ ಅದನ್ನು ಮುಖಕ್ಕೆ ಹಿಡಿದು ನೋಡಿ, “ಹ್ಞೂಂ, ಇದು ನೀನೇ,” ಎಂದರು. ಕಿಟ್ಟಿ ಅವತ್ತು ಒಂದಿಷ್ಟು ಅತ್ತು, ಜೋಲಿಯೊಳಗೆ ಮೂಗು ತೂರಿಸಿಕೊಂಡು ಮಲಗಿದ. ಮಧ್ಯಾಹ್ನ ನಾನು ಸ್ಕೂಲಿಂದ ಬರುವ ಹೊತ್ತಿಗೆ ಆ ಪಡಸಾಲೆ ಉಸಿರಾಡುವ ಒಂದು ಪ್ರಾಣಿಯಂತೆ ಇರುತ್ತಿತ್ತು. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲಿನ ಕೋಲುಗಳು, ಸಾಂಬ್ರಾಣಿಯ ಉಳಿದ ಹೊಗೆ, ಒಲೆಯ ಮೇಲೆ ರಾಗಿ ಸರಿ ಬೇಯುವ ಸಪ್ಪಳ, ಸಣ್ಣಗೆ ಕಿರ್ರೆನ್ನುವ ಕೊಂಡಿಗಳು. ಪ್ರತಿ ಜೋಲಿಯ ಹತ್ತಿರ ಬೇರೆ ಬೇರೆ ವಾಸನೆ. ಕಣ್ಣು ಮುಚ್ಚಿಕೊಂಡು ನಡೆದರೂ ಇದು ರತ್ನ, ಇದು ಹೂವಿನ ವ್ಯಾಪಾರದ ಅಕ್ಕ, ಇದು ಮೀನು ಮಾರುವವರ ಸೊಸೆ ಎಂದು ಹೇಳಬಲ್ಲವಳಾಗಿದ್ದೆ. ಬಲ್ಲವಳಾಗಿದ್ದೆನೇ? ಈಗ ಹಾಗನ್ನಿಸುತ್ತದೆ.

ಏಕೆಂದರೆ ಮಂಜು ಇದನ್ನು ಒಪ್ಪುವುದಿಲ್ಲ. ಮಂಜುಳಾ ದೊಡ್ಡಮ್ಮನ ಒಬ್ಬಳೇ ಮಗಳು, ನನಗಿಂತ ದೊಡ್ಡವಳು, ಈಗ ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಫ್ಲ್ಯಾಟಿನಲ್ಲಿದ್ದಾಳೆ. ಫೋನಿನಲ್ಲಿ ಈ ಮಾತೆತ್ತಿದರೆ, “ನೀನು ಸಂಜೆ ಮನೆಗೆ ಹೋಗ್ತಿದ್ದೆ ಕಣೇ. ನಾನು ಅಲ್ಲೇ ಇರ್ತಿದ್ದೆ. ಉಚ್ಚೆ ವಾಸನೆ ಬಿಟ್ಟು ಇನ್ಯಾವ ವಾಸನೇನೂ ನಂಗೆ ನೆನಪಿಲ್ಲ,” ಎನ್ನುತ್ತಾಳೆ. ಅವಳಿಗೆ ನೆನಪಿರುವ ಅಮ್ಮ ಬೇರೆ. ಸಿಟ್ಟು ಬಂದರೆ ತೊಡೆ ಚಿವುಟುತ್ತಿದ್ದ ಅಮ್ಮ. ಹಾಲು ಕುಡಿಯದ ಮಗುವಿನ ಮೂಗು ಹಿಡಿದು ಒಳಲೆಯಲ್ಲಿ ಸುರಿಯುತ್ತಿದ್ದ ಅಮ್ಮ. ಒಂದು ಸಲ ಜೋಲಿಯ ಗಂಟು ಬಿಚ್ಚಿ ಮಗುವೊಂದು ನೆಲಕ್ಕೆ ಬಿದ್ದಾಗ ಅರಿಶಿನ ಮೆತ್ತಿ, ತಾಯಿಗೆ ಹೇಳದೆ ಕಳಿಸಿದ ಅಮ್ಮ. ಅದೂ ನಿಜವೇ ಇರಬೇಕು. ನನ್ನ ವಿದ್ಯಾರ್ಥಿನಿಯರಿಗೆ ನಾನು ಹೇಳಿಕೊಡುವ ಮೊದಲ ಪಾಠವೇ ಮಗುವನ್ನು ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕೆಂಬುದು, ಮುಖದ ಹತ್ತಿರ ಸಡಿಲ ಬಟ್ಟೆ ಇರಬಾರದೆಂಬುದು. ಜೋಲಿ ಬೇಡ ಎಂದು ಬಾಯಿಬಿಟ್ಟು ಹೇಳುತ್ತೇನೆ. ದೊಡ್ಡಮ್ಮ ನನ್ನ ಪರೀಕ್ಷೆಗೆ ಕೂತಿದ್ದರೆ ನಾನೇ ಫೇಲು ಮಾಡಬೇಕಾಗುತ್ತಿತ್ತು. ಅವರಿಗೆ ತರಬೇತಿ ಬೇಕಾಗಿತ್ತು, ಇದರಲ್ಲಿ ನನಗೆ ಅನುಮಾನವಿಲ್ಲ. ಯಾರಾದರೂ ಜೊತೆಯಲ್ಲಿ ಕೂತು, ಇದನ್ನು ಹೀಗೆ ಮಾಡಿ, ಅದನ್ನು ಬಿಡಬೇಡಿ ಎಂದು ಹೇಳಿಕೊಟ್ಟಿದ್ದರೆ ಅವರು ಕಲಿಯುತ್ತಿದ್ದರು ಎಂಬುದರಲ್ಲೂ ಅನುಮಾನವಿಲ್ಲ.

ಮನೆ ಬೀಳಿಸುವ ಮಾತು ಬಂದದ್ದು ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ. ದೊಡ್ಡಪ್ಪನ ತಮ್ಮಂದಿರು ಸೇರಿ ನಿರ್ಧರಿಸಿದರು. ಹಳೆಯದನ್ನು ಕೆಡವಿ ಮಹಡಿಗಳನ್ನು ಎಬ್ಬಿಸುವುದು, ಕೆಳಗೆಲ್ಲ ಬಾಡಿಗೆಗೆ, ಅಣ್ಣನಿಗೆ ಮೇಲೆ ಎರಡು ಕೋಣೆ. “ಮೇಲಕ್ಕೆ ಈ ಮಕ್ಕಳ ಸಂತೆ ಬ್ಯಾಡ ಅತ್ತಿಗೆ, ಬಾಡಿಗೆಯೋರು ನಿಲ್ಲಲ್ಲ,” ಎಂದು ಅವರಲ್ಲೊಬ್ಬರು ಮೆಲ್ಲಗೇ ಹೇಳಿದರು. ದೊಡ್ಡಮ್ಮ ಅದಕ್ಕೆ ಅಳಲಿಲ್ಲ, ಜಗಳವಾಡಲಿಲ್ಲ. ಅಮ್ಮನ ಹತ್ತಿರ ಒಂದೇ ಮಾತು ಹೇಳಿದರು. “ನಂಗೆ ಮನೆ ಹೋದ್ರೂ ಚಿಂತಿಲ್ಲ ಕಣೇ. ಮಕ್ಕಳು ಹೋಗಬಾರದು.” ಆಗಲೇ ಅಮ್ಮನಿಗೆ ಆಫೀಸಿನಲ್ಲಿ ಯಾರಿಂದಲೋ ಗೊತ್ತಾಯಿತು, ವಿಜಯನಗರದಲ್ಲಿ ಒಂದು ಪ್ಲೇ ಹೋಮ್ ಎಳೆಗೂಸುಗಳಿಗೂ ಒಂದು ವಿಭಾಗ ಮಾಡುತ್ತಿದೆ, ಅನುಭವವಿರುವ ಹೆಂಗಸರು ಬೇಕಾಗಿದ್ದಾರೆ ಎಂದು. ಅಮ್ಮ ಹೋಗಿ ಮಾತಾಡಿದರು. ಅಲ್ಲಿನ ಮೇಡಂ, ಬಂದು ಅವರ ಕೆಲಸ ನೋಡುತ್ತೇನೆ, ಸರಿಯೆನ್ನಿಸಿದರೆ ಅವರನ್ನೂ ತೆಗೆದುಕೊಳ್ಳೋಣ, ಅವರು ನೋಡಿಕೊಳ್ಳುತ್ತಿರುವ ಮಕ್ಕಳಿಗೂ ಏನಾದರೂ ದಾರಿ ಮಾಡೋಣ ಎಂದರಂತೆ. ಆ ವಾರವೆಲ್ಲ ದೊಡ್ಡಮ್ಮನ ಮುಖ ನೋಡಬೇಕಾಗಿತ್ತು. ರಾಗಿ ಸರಿ ತಿರುವುತ್ತಾ ತಮ್ಮಷ್ಟಕ್ಕೆ ನಗುತ್ತಿದ್ದರು. ಮಗು ಬಿಡಲು ಬಂದ ಪ್ರತಿಯೊಬ್ಬ ತಾಯಿಗೂ, “ಎಲ್ಲರೂ ಒಟ್ಟಿಗೇ ಹೋಗೋಣ ಕಣ್ರೇ, ಫ್ಯಾನ್ ಇರ್ತದಂತೆ,” ಎಂದು ಹೇಳಿದರು.

ಮೇಡಂ ಬರುವ ಹಿಂದಿನ ದಿನ ಭಾನುವಾರ. ಮಕ್ಕಳಿಲ್ಲದ ದಿನ. ನಾನು ಹೋದಾಗ ಹಿತ್ತಲಿನ ತುಂಬ ಸೀರೆಗಳು. ತಂತಿಯ ಮೇಲೆ, ಬೇಲಿಯ ಮೇಲೆ, ಸೀಬೆ ಗಿಡದ ಮೇಲೆ, ಬಾವಿಯ ಕಟ್ಟೆಯ ಮೇಲೆ. ದೊಡ್ಡಮ್ಮ ಬೆಳಗಿನಿಂದ ಹಂಡೆಯಲ್ಲಿ ನೀರು ಕಾಯಿಸಿ, ವಾಷಿಂಗ್ ಸೋಡಾ ಹಾಕಿ, ಅಷ್ಟೂ ಜೋಲಿ ಸೀರೆಗಳನ್ನು ಒಗೆದು ಹಾಕಿದ್ದರು. ಕೈ ಕೆಂಪಗೆ ಸುಲಿದಿತ್ತು. ಕೊನೆಯ ನೀರಿಗೆ ಡೆಟ್ಟಾಲೂ ಬಿದ್ದಿತ್ತು, ಹಿತ್ತಲೆಲ್ಲ ಆಸ್ಪತ್ರೆಯ ವಾಸನೆ. ದೊಡ್ಡಪ್ಪ ಹಿತ್ತಲ ಬಾಗಿಲಲ್ಲಿ ನಿಂತು, “ಇದೇನೇ ಇದು, ನೀನೇ ಎಲ್ಲರಿಗೂ ಒಗೀಬ್ಯಾಡಿ ಅಂತಿದ್ಯಲ್ಲ?” ಎಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ದೊಡ್ಡಮ್ಮ ಸೆರಗಿನಿಂದ ಹಣೆ ಒರೆಸಿಕೊಂಡು, “ಓದಿದೋರು ಬರ್ತಾರೆ ಕಣ್ರೀ. ಒಳಗೆ ಕಾಲಿಟ್ಟ ತಕ್ಷಣ ಗಬ್ಬು ಅನ್ನಿಸಬಾರದು,” ಎಂದರು. ನಾನು ಒಣಗಿದ ಸೀರೆಗಳನ್ನು ಮಡಿಸಲು ಕೂತೆ. ಎಲ್ಲವೂ ಒಂದೇ ಥರ ಇದ್ದವು. ಯಾವುದು ಯಾರದೆಂದು ಬಣ್ಣ ನೋಡಿ ಹೇಳಬೇಕಾಗಿತ್ತು.

ಇಷ್ಟು ವರ್ಷ ನಾನು ಯೋಚಿಸುತ್ತಿರುವುದು ಆ ಭಾನುವಾರದ ಬಗ್ಗೆ. ಒಗೆಯದ ಸೀರೆಯ ಆ ನಿಯಮವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಯಾರೂ ಕಲಿಸದೇ ಬಂದದ್ದನ್ನು ಯಾರ ಮುಂದೆ, ಯಾವ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವುದು? ಅದಕ್ಕೊಂದು ಪದವಿದೆ, ಅದರ ಬಗ್ಗೆ ಪುಸ್ತಕಗಳಿವೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಗೆಯುತ್ತಿರಲಿಲ್ಲವೇನೋ. ತರಬೇತಿಯಿಂದ ಒಬ್ಬರಿಗೆ ತಾಳ್ಮೆ ಬರುತ್ತದೆಯೋ ಇಲ್ಲವೋ ನಾನರಿಯೆ. ತನ್ನಲ್ಲಿ ಇರುವುದನ್ನು ನಾಚಿಕೆಯಿಲ್ಲದೆ ಇಟ್ಟುಕೊಳ್ಳುವ ಧೈರ್ಯವನ್ನಾದರೂ ಅದು ಕೊಡಬಹುದಾಗಿತ್ತು. ಇದನ್ನು ಚೈತ್ರಳಿಗೆ ಹೇಳಬಹುದೆಂದು ಒಂದು ಕ್ಷಣ ಅನ್ನಿಸಿತು. ಆದರೆ ನನ್ನ ಕೋರ್ಸು ಮುಗಿಸಿ ಹೋದ ಹುಡುಗಿಯರು ಆ ಧೈರ್ಯದಿಂದ ಏನು ಮಾಡಿದ್ದಾರೆಂದು ಕೇಳಿಕೊಂಡರೆ ಅದನ್ನೂ ಹೇಳಲು ಬಾಯಿ ಬರುವುದಿಲ್ಲ.

ಸೋಮವಾರ ನನ್ನ ಸ್ಕೂಲಿಗೆ ರಜೆ ಇತ್ತು, ಅಥವಾ ನಾನೇ ಹಾಕಿದ್ದೆ. ಮೇಡಂ ಬಂದದ್ದು ಮಕ್ಕಳು ಮಲಗುವ ಹೊತ್ತಿಗೆ. ಅವರನ್ನು ಕೆಟ್ಟವರಂತೆ ಚಿತ್ರಿಸುವುದು ಸುಲಭ, ನ್ಯಾಯವಲ್ಲ. ಕಾಟನ್ ಸೀರೆ ಉಟ್ಟ, ಮೆಲುಮಾತಿನ ಹೆಂಗಸು. ಚಪ್ಪಲಿ ಹೊರಗೇ ಬಿಟ್ಟು ಬಂದರು. ನಡೆಯುವ ಮಗುವೊಂದು ಎದುರು ಬಂದಾಗ ನೆಲದ ಮೇಲೆ ಮಂಡಿಯೂರಿ, ಅದರ ಕಣ್ಣಿಗೆ ಕಣ್ಣಿಟ್ಟು ಹೆಸರು ಕೇಳಿದರು. ದೊಡ್ಡಮ್ಮ ಎಂದೂ ಹಾಗೆ ಕೂತು ಮಾತಾಡಿಸಿದವರಲ್ಲ, ಮೇಲಿನಿಂದಲೇ ಗದರಿಸುತ್ತಿದ್ದವರು. ಆದರೆ ಅಷ್ಟರಲ್ಲಾಗಲೇ ಕಿಟ್ಟಿ ಅಳಲು ಶುರು ಮಾಡಿದ್ದ. ಜೋಲಿಗೆ ಹಾಕಿದರೆ ಬಟ್ಟೆಯಲ್ಲಿ ಮೂಗು ಉಜ್ಜುತ್ತಾನೆ, ಆ ಕಡೆ ತಿರುಗುತ್ತಾನೆ, ಈ ಕಡೆ ತಿರುಗುತ್ತಾನೆ, ಬೆನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚುತ್ತಾನೆ. ಅವನದನ್ನು ಕೇಳಿ ಪಕ್ಕದ್ದು. ಆಮೇಲೆ ಎಲ್ಲವೂ. ದೊಡ್ಡಮ್ಮ ಒಂದು ಜೋಲಿಯಿಂದ ಇನ್ನೊಂದಕ್ಕೆ ಓಡಿದರು. ತೂಗಿದರು, ಎತ್ತಿಕೊಂಡರು, ಮತ್ತೆ ಹಾಕಿದರು.

“ದಿನಾ ಹೀಗೇ ಅಳ್ತಾರಾ ಅಮ್ಮ?” ಮೇಡಂ ಕೇಳಿದರು.

“ಇಲ್ಲ ಮೇಡಂ. ಇವತ್ತು ಯಾಕೋ...”

“ಹೊಸಬರು ಬಂದವ್ರಲ್ಲ, ನಾಚ್ಕೆ ಮೇಡಂ,” ದೊಡ್ಡಪ್ಪ ಬಾಗಿಲಿನಿಂದ ನಗಲು ನೋಡಿದರು.

ಮೇಡಂ ತೊಲೆಯ ಕೊಂಡಿಗಳನ್ನು ನೋಡಿದರು. ಒಂದು ಜೋಲಿಯ ಗಂಟನ್ನು ಮುಟ್ಟಿ ನೋಡಿದರು. “ಟ್ರೈನಿಂಗ್ ಏನಾದ್ರೂ ಆಗಿದೆಯಾ ನಿಮಗೆ?” ಎಂದರು. ದೊಡ್ಡಮ್ಮ ಕಿಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, “ನಮ್ಮತ್ತೆ ನೋಡ್ಕೊಂಡು ಕಲ್ತಿದ್ದು ಮೇಡಂ. ಆಮೇಲೆ ಮಕ್ಕಳೇ ಕಲಿಸಿದ್ವು,” ಎಂದರು. ಅಳುವಿನ ನಡುವೆ ಆ ಮಾತು ಮೇಡಂಗೆ ಕೇಳಿಸಿತೋ ಇಲ್ಲವೋ. ನಿನ್ನೆ ಎಲ್ಲ ಸೀರೆ ಒಗೆದುಬಿಟ್ಟೆ, ಅದಕ್ಕೇ ಹೀಗೆ ಎಂದು ದೊಡ್ಡಮ್ಮ ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಹೇಳಿದರೆ, ದಿನವೂ ಒಗೆಯದ ಸೀರೆಯಲ್ಲಿ ಮಲಗಿಸುತ್ತೇನೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಮೇಡಂ ಹೊರಡುವಾಗ ದೊಡ್ಡಮ್ಮನ ಭುಜ ಮುಟ್ಟಿ, “ಒಬ್ಬರೇ ಇಷ್ಟು ಜನರನ್ನ ನೋಡ್ಕೊಳ್ಳೋದು ಕಷ್ಟ ಅಮ್ಮ. ಹೇಳಿ ಕಳಿಸ್ತೀನಿ,” ಎಂದರು. ಅವರು ಹೋದ ಮೇಲೆ ದೊಡ್ಡಮ್ಮ ತಾವು ಉಟ್ಟಿದ್ದ ಸೀರೆಯ ಸೆರಗನ್ನೇ ಕಿಟ್ಟಿಯ ಮುಖದ ಸುತ್ತ ಸುತ್ತಿ ಗೋಡೆಗೆ ಒರಗಿ ಕೂತರು. ಅವನು ಬಿಕ್ಕುತ್ತಾ ಬಿಕ್ಕುತ್ತಾ ಮಲಗಿದ. ಉಳಿದವುಗಳಿಗೆ ಸುತ್ತಲು ಅವರ ಹತ್ತಿರ ಇನ್ನೊಂದು ಸೆರಗಿರಲಿಲ್ಲ.

ಎಲ್ಲ ಮಕ್ಕಳೂ ಅತ್ತರು ಎಂದು ನಾನು ಬರೆದಿದ್ದೇನೆ. ಮಂಜುವಿನ ಪ್ರಕಾರ ಅತ್ತವರು ಕೆಲವರು, ಅದೂ ಸೆಕೆಗೆ. “ಅವತ್ತು ಎಲ್ಲಾ ಮಕ್ಕಳೂ ಗೊರಕೆ ಹೊಡೆದಿದ್ರೂ ಅಮ್ಮನ್ನ ತಗೋತಿರಲಿಲ್ಲ ಕಣೇ. ಹತ್ತನೇ ಕ್ಲಾಸೂ ಓದಿರಲಿಲ್ಲ. ನೀನು ಸುಮ್ಮನೆ ಸೀರೆ ಮೇಲೆ ಹಾಕ್ತೀಯ,” ಎನ್ನುತ್ತಾಳೆ. ಇರಬಹುದು. ಕಳೆದುಕೊಂಡದ್ದಕ್ಕೆ ಒಂದು ಕಾರಣ ಸಿಕ್ಕರೆ, ಕಾರಣವಿಲ್ಲದೇ ಕಳೆದುಕೊಂಡದ್ದಕ್ಕಿಂತ ಅದು ಸಹ್ಯ. ನನ್ನ ನೆನಪು ಆ ಸೀರೆಗಳನ್ನು ಅದಕ್ಕೇ ಗಟ್ಟಿಯಾಗಿ ಹಿಡಿದುಕೊಂಡಿದೆಯೇನೋ.

ಮೇಡಂ ಹೇಳಿ ಕಳಿಸಿದರು. ಆಯಾ ಕೆಲಸವಿದೆ, ಗುಡಿಸಿ ಒರೆಸುವುದು, ಪಾತ್ರೆ ತೊಳೆಯುವುದು, ಇಷ್ಟವಿದ್ದರೆ ಬರಬಹುದು ಎಂದು. ಮಕ್ಕಳ ಹತ್ತಿರವಾದರೂ ಇರುತ್ತೇನೆಂದು ದೊಡ್ಡಮ್ಮ ಹೋದರು. ಅವರ ಹಿಂದೆ ಹೋಗಬೇಕಾಗಿದ್ದ ಮಕ್ಕಳು ಮಾತ್ರ ಹೋಗಲಿಲ್ಲ. ಅಲ್ಲಿನ ಫೀಸು ಆ ತಾಯಂದಿರಿಗೆ ಎಟುಕುವಂಥದ್ದಾಗಿರಲಿಲ್ಲ. ರತ್ನ ಕಿಟ್ಟಿಯನ್ನು ಊರಿನಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟು ಬಂದರು. ಹೋಗುವ ದಿನ ಸೀರೆ ವಾಪಸು ತೆಗೆದುಕೊಳ್ಳಲು ಬಂದಾಗ ಅವರು ಅದನ್ನು ಮೂಸಿ ನೋಡಿ, “ಒಗೆದುಬಿಟ್ಟಿದೀರಾ ಆಂಟಿ?” ಎಂದರು. ದೊಡ್ಡಮ್ಮ ಒಳಗೆ ಹೋಗಿಬಿಟ್ಟರು. ಒಂದು ಸಂಜೆ ಅಮ್ಮ ನನ್ನನ್ನು ಆ ಪ್ಲೇ ಹೋಮಿಗೆ ಏನೋ ಕೊಟ್ಟು ಬರಲು ಕಳಿಸಿದ್ದರು. ಎಳೆಗೂಸುಗಳ ಕೋಣೆಗೆ ಗಾಜಿನ ಬಾಗಿಲು. ಹೊರಗೆ ದೊಡ್ಡಮ್ಮ ಹಸಿರು ಯೂನಿಫಾರ್ಮ್ ಸೀರೆಯಲ್ಲಿ, ಕೈಯಲ್ಲಿ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದರು. ಒಳಗೊಂದು ಮಗು ತೊಟ್ಟಿಲಿನ ಕಂಬಿ ಹಿಡಿದು ಅಳುತ್ತಿತ್ತು. ದೊಡ್ಡಮ್ಮನ ಬಾಯಿ ಸಣ್ಣಗೆ ಅಲ್ಲಾಡುತ್ತಿತ್ತು, ಜೋ ಜೋ ಎನ್ನುತ್ತಿದ್ದರೇನೋ, ಗಾಜಿನ ಈಚೆಗೆ. ಬಾಗಿಲು ತಳ್ಳಿ ಒಳಗೆ ಕೈ ಚಾಚಿದರು. ಅಲ್ಲಿದ್ದ ಹುಡುಗಿ, ಒಳ್ಳೆಯ ಹುಡುಗಿಯೇ, ಓಡಿ ಬಂದು, “ಆಂಟಿ, ಕೈಯೆಲ್ಲಾ ಫಿನಾಯಿಲು. ಮುಟ್ಟಬೇಡಿ, ಪ್ಲೀಸ್,” ಎಂದಳು. ಅವಳು ಹೇಳಿದ್ದು ಸರಿ. ನನ್ನ ವಿದ್ಯಾರ್ಥಿನಿಯರಿಗೆ ನಾನು ಹೇಳಿಕೊಡುವುದೂ ಅದನ್ನೇ. ದೊಡ್ಡಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮೂಸಿ ನೋಡಿಕೊಂಡರು. ಕೆಲವೇ ತಿಂಗಳಲ್ಲಿ ಆ ಕೆಲಸ ಬಿಟ್ಟರು. ಹೆಂಚಿನ ಮನೆ ಬಿದ್ದಿತು. ತೊಲೆಗಳನ್ನು ಲಾರಿಗೆ ಹೇರುವಾಗ ಕೊಂಡಿಗಳು ಅವುಗಳಲ್ಲೇ ಇದ್ದವು. ಮೇಲಿನ ಎರಡು ಕೋಣೆಯಲ್ಲಿ ದೊಡ್ಡಮ್ಮ ಇನ್ನೂ ಬಹಳ ವರ್ಷ ಬದುಕಿದರು. ಬೇರೆಯವರ ಮಗುವನ್ನು ಮತ್ತೆ ಎತ್ತಿಕೊಂಡದ್ದನ್ನು ನಾನು ನೋಡಲಿಲ್ಲ. ಯಾರಾದರೂ ಕೊಡಲು ಬಂದರೆ, “ಕೈ ಸರಿಯಿಲ್ಲ,” ಎನ್ನುತ್ತಿದ್ದರು.

ಈಗ ನನ್ನ ಪಠ್ಯದಲ್ಲಿ ಒಂದು ಸಾಲಿದೆ. ಹೊಸದಾಗಿ ಸೇರಿದ ಮಗುವಿನ ಬಳಿ ಎಚ್ಚರವಿರುವ ಹೊತ್ತಿನಲ್ಲಿ ತಾಯಿಯ ವಾಸನೆಯಿರುವ ಬಟ್ಟೆಯೊಂದು ಇದ್ದರೆ ಒಳ್ಳೆಯದು ಎಂದು. ನಾನೇ ಸೇರಿಸಿದ್ದು. ಪ್ರತಿ ವರ್ಷ ಅದನ್ನು ಓದಿ ಹೇಳುತ್ತೇನೆ, ಹುಡುಗಿಯರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕ ತೆಗೆಯುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಫೋನು ಮಾಡುತ್ತಾರೆ. “ಮನೆ ಬಟ್ಟೆ ಒಳಗೆ ಬಿಡಲ್ಲ ಮೇಡಂ, ಇನ್ಫೆಕ್ಷನ್ ಅಂತಾರೆ.” “ಮಗು ಎತ್ಕೊಂಡೇ ಇದ್ರೆ ಕ್ಯಾಮೆರಾದಲ್ಲಿ ನೋಡಿ ಬೈತಾರೆ ಮೇಡಂ, ಉಳಿದೋರನ್ನ ಯಾರು ನೋಡ್ತಾರೆ ಅಂತ.” ಸ್ವಲ್ಪ ಕಾಲಕ್ಕೆ ಅವರಲ್ಲಿ ಎಷ್ಟೋ ಜನ ಅದನ್ನು ಬಿಟ್ಟು ಅಂಗಡಿಗೋ, ಕಾಲ್ ಸೆಂಟರಿಗೋ ಸೇರುತ್ತಾರೆ. ಮಕ್ಕಳನ್ನು ಎತ್ತಿಕೊಳ್ಳುವ ಕೈಗಳು ಬದಲಾಗುತ್ತಲೇ ಇರುತ್ತವೆ. ದೊಡ್ಡಮ್ಮನ ಹತ್ತಿರ ತರಬೇತಿ ಇರಲಿಲ್ಲ, ಈ ಹುಡುಗಿಯರ ಹತ್ತಿರ ಅದನ್ನು ಬಳಸುವ ಜಾಗವಿಲ್ಲ. ನಡುವೆ ನಾನು ಬೋರ್ಡಿನ ಮೇಲೆ ತಾಳ್ಮೆ ಎಂದು ಬರೆಯುತ್ತೇನೆ.

ಹೋದ ವರ್ಷ ದೊಡ್ಡಮ್ಮ ಮಂಜುವಿನ ಮನೆಯಲ್ಲಿ ಹಾಸಿಗೆ ಹಿಡಿದರು. ದೊಡ್ಡಪ್ಪ ಹೋಗಿ ಆಗಲೇ ಬಹಳ ಕಾಲವಾಗಿತ್ತು. ನೆನಪು ಒಂದೊಂದಾಗಿ ಕಳಚುತ್ತಿತ್ತು. ಮಂಜು ಚೆನ್ನಾಗಿಯೇ ನೋಡಿಕೊಂಡಳು, ಆ ಮಾತಿನಲ್ಲಿ ಕುಂದಿಲ್ಲ. ಆದರೆ ದೊಡ್ಡಮ್ಮನಿಗೆ ನಿದ್ದೆ ಇರಲಿಲ್ಲ. ಮಧ್ಯಾಹ್ನ ನಾನು ಹೋದಾಗಲೆಲ್ಲ ಹೊದಿಕೆಯನ್ನು ಮೂಗಿನ ತನಕ ಎಳೆದುಕೊಳ್ಳುವುದು, ತಳ್ಳುವುದು, ಮತ್ತೆ ಎಳೆದುಕೊಳ್ಳುವುದು. “ದಿನಾ ಚೇಂಜ್ ಮಾಡ್ತೀನಿ ಕಣೇ, ಆದ್ರೂ ಏನೋ ಚುಚ್ಚೋ ಹಾಗೆ ಆಡ್ತಾಳೆ,” ಎಂದು ಮಂಜು ಸೋತ ದನಿಯಲ್ಲಿ ಹೇಳಿದಳು. ತಲೆ ಹೀಗೆ ಆ ಕಡೆ ಈ ಕಡೆ ತಿರುಗುವುದನ್ನು ನಾನು ಮೊದಲೇ, ಕಿಟ್ಟಿಯ ಜೋಲಿಯಲ್ಲಿ, ನೋಡಿದ್ದೆ. ಮನೆಗೆ ಬಂದು ಬೀರು ತೆಗೆದೆ. ಎಲ್ಲ ಬಟ್ಟೆಗೂ ವಾಷಿಂಗ್ ಮಷೀನಿಗೆ ಸುರಿಯುವ ಆ ನೀಲಿ ದ್ರವದ ಒಂದೇ ವಾಸನೆ. ನನ್ನದು ಎನ್ನುವಂಥ ಒಂದು ಬಟ್ಟೆ ಅಲ್ಲಿರಲಿಲ್ಲ. ಮಾರನೆಯ ದಿನ ಅಮ್ಮನ ಕಾಲದ ಹತ್ತಿಯ ಸೀರೆಯೊಂದನ್ನು ಉಟ್ಟು ಕಾಲೇಜಿಗೆ ಹೋದೆ. ಸೆಕೆಯಲ್ಲಿ ಪಾಠ ಮಾಡಿದೆ, ಮೆಟ್ರೋದಲ್ಲಿ ಜನರ ನಡುವೆ ನಿಂತೆ, ಅಡುಗೆ ಮಾಡಿದೆ, ಅದರಲ್ಲೇ ಮಲಗಿದೆ. ಆಮೇಲೆ ಅದನ್ನು ರತ್ನ ತಂದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮಲ್ಲತ್ತಹಳ್ಳಿಗೆ ಹೋದೆ.

ಮಂಜು ಬಾಗಿಲಲ್ಲಿ ಒರಗಿ ನಿಂತು ನೋಡುತ್ತಿದ್ದಳು. ನಾನು ಸೀರೆಯನ್ನು ದೊಡ್ಡಮ್ಮನ ಎದೆಯ ಮೇಲೆ ಹರಡಿ ಅಂಚನ್ನು ಕೆನ್ನೆಯ ಹತ್ತಿರ ತಂದೆ. ಅವರು ಎರಡೂ ಕೈಯಲ್ಲಿ ಅದನ್ನು ಹಿಡಿದು ಮುಖಕ್ಕೆ ಒತ್ತಿಕೊಂಡರು. ಬಹಳ ಹೊತ್ತು. ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಇದು ನೀನೇ ಎಂದು ಹೇಳುತ್ತಾರೆಂದು ನಾನು ಕಾದೆ. ಕಿಟಕಿಯಾಚೆ ಕೆರೆಯ ಏರಿಯ ಮೇಲೆ ಯಾರೋ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ದೊಡ್ಡಮ್ಮ ಸೀರೆಯನ್ನು ಮುಖದಿಂದ ಇಳಿಸಿ, ಮಡಿಸಲು ನೋಡಿ, ಆಗದೆ ಮುದ್ದೆ ಮಾಡಿ ನನ್ನ ಕಡೆ ಚಾಚಿದರು. ಗುರುತಿಲ್ಲದವರ ಮುಂದೆ ತಪ್ಪು ಮಾಡಿದವರ ಮುಖ.

“ಗಬ್ಬು ಬರ್ತಾ ಇದೆ ಅಲ್ವಾ ಮೇಡಂ,” ಎಂದರು. “ಒಗೆದು ಹಾಕ್ತೀನಿ ಬಿಡಿ.”

ಅದಾದ ಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಆ ಸೀರೆಯನ್ನು ನಾನು ಒಗೆಯಲಿಲ್ಲ, ಹಾಗೇ ತಂದು ಬೀರುವಿನಲ್ಲಿಟ್ಟೆ. ಮೊನ್ನೆ ರೈಲಿಳಿದು ಮನೆಗೆ ಬಂದವಳು ಮೊದಲು ಅದನ್ನೇ ತೆಗೆದು ಮೂಗಿಗೆ ಹಿಡಿದೆ. ಅದರಲ್ಲಿ ನಾನಿರಲಿಲ್ಲ, ದೊಡ್ಡಮ್ಮನೂ ಇರಲಿಲ್ಲ. ಅಕ್ಕಪಕ್ಕದ ಬಟ್ಟೆಗಳ ಆ ನೀಲಿ ದ್ರವದ ವಾಸನೆ ಅದಕ್ಕೂ ಹತ್ತಿಕೊಂಡಿತ್ತು.